ಜೀಪಿನ ಹಲ್ಲು ಎಣಿಸದವರಿಗೆ

ಹಳೆಯ ಜೀಪಿಗೆ ಹೊಸ ಹಲ್ಲು ಕಟ್ಟಿಸುವವರ ಮೇಲೆ ನನಗೆ ಸಿಟ್ಟಿದೆ. ಸಿಟ್ಟು ಬಂದಾಗ ಬರೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಆದರೆ ಇದು ನಿನ್ನೆ ಮೊನ್ನೆಯ ಸಿಟ್ಟಲ್ಲ. ಮೂರು ಮಳೆಗಾಲ ಕಳೆದರೂ ಆರದೇ ಉಳಿದದ್ದು. ಅದರಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದರಿಂದ ಉಳಿದರ್ಧದ ಬಗ್ಗೆ ಮಾತಾಡಲು ನನಗೆ ಹಕ್ಕಿದೆ ಎಂದು ತಿಳಿದುಕೊಂಡಿದ್ದೇನೆ.

ಹಲ್ಲು ಎಂದರೆ ಕ್ರೌನ್ ಪಿನಿಯನ್ನಿನ ಹಲ್ಲು. ಜೀಪಿನ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗಂಟು ಕಾಣುತ್ತದೆ. ಗ್ಯಾರೇಜಿನವರು ಅದನ್ನು ಹೌಸಿಂಗ್ ಎನ್ನುತ್ತಾರೆ. ಅದರೊಳಗೆ ಇರುವುದೇ ಡಿಫರೆನ್ಶಿಯಲ್. ಎಂಜಿನ್ನಿನಿಂದ ಬಂದ ಶಾಫ್ಟಿನ ತುದಿಯಲ್ಲಿ ಸಣ್ಣ ಪಿನಿಯನ್. ಅದು ತಿರುಗಿಸುವುದು ದೊಡ್ಡ ಕ್ರೌನನ್ನು. ಕ್ರೌನ್ ತಿರುಗಿದರೆ ಚಕ್ರ ತಿರುಗಿತು. ನನ್ನ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಅಂದರೆ ಶಾಫ್ಟು ಐದೂ ಚಿಲ್ಲರೆ ಸುತ್ತು ಬಂದರೆ ಚಕ್ರ ಒಂದು ಸುತ್ತು. ಲೆಕ್ಕ ಮಾಡಿದರೆ 5.375, ಪೇಟೆಯ ಬಾಯಲ್ಲಿ 5.38. ಇನ್ನೊಂದು ಜೋಡಿ ಇದೆ, 8ಕ್ಕೆ 39. ಅದು 4.88. ಈ ನಾಲ್ಕು ಹಲ್ಲಿನ ವ್ಯತ್ಯಾಸದ ಮೇಲೆಯೇ ನನ್ನ ಜಗಳ.

ನಾಲ್ಕು ಹಲ್ಲಿಗೆ ಇಷ್ಟು ಮಾತೇ ಎಂದು ಕೇಳಬೇಡಿ. ಬಾಯಿಯಲ್ಲಿ ನಾಲ್ಕು ಹಲ್ಲು ಹೋದವರನ್ನು ಕೇಳಿ ನೋಡಿ.

ನಮ್ಮ ಮನೆ ಇರುವುದು ಗೇರುಸೊಪ್ಪದ ಪೇಟೆಯಿಂದ ಒಳಗೆ, ಗುಡ್ಡಗಳ ನಡುವಿನ ಒಂದು ಕೊಳ್ಳದಲ್ಲಿ. ಹೊನ್ನಾವರದಿಂದ ಗೇರುಸೊಪ್ಪದವರೆಗೆ ಸುಮಾರು 30 ಕಿ.ಮೀ. ಶರಾವತಿಯ ಬಗಲಿಗೇ ಬರುವ ದಾರಿ, ದೊಡ್ಡ ಏರಿಲ್ಲ. ಹಿಂದೆ ಜೋಗ ನೋಡಲು ಹೊರಟ ಬಿಳಿಯರು ಈ ಅಂತರವನ್ನು ದೋಣಿಯಲ್ಲಿ ಬಂದು, ಗೇರುಸೊಪ್ಪದಲ್ಲಿ ಇಳಿದು ಘಟ್ಟ ಹತ್ತುತ್ತಿದ್ದರು. ಅವರ ಪುಸ್ತಕಗಳಲ್ಲಿ ಜೋಗಕ್ಕೆ ಗೇರುಸೊಪ್ಪದ ಜಲಪಾತವೆಂದೇ ಹೆಸರು. ಗೇರುಸೊಪ್ಪ ದಾಟಿದ ಮೇಲೆ ರಸ್ತೆಗೆ ಬೇರೆಯೇ ಸ್ವಭಾವ. ಸಮುದ್ರಮಟ್ಟಕ್ಕೆ ಹತ್ತಿರವಿದ್ದ ನಾವು ಮಾಲೆಮನೆ ಘಟ್ಟ ಹತ್ತಿ ಮಾವಿನಗುಂಡಿ ಮುಟ್ಟುವಾಗ ಸುಮಾರು 500 ಮೀಟರ್ ಏರಿರುತ್ತೇವೆ. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಇಲ್ಲಿಂದ ಆಳುತ್ತಿದ್ದಾಗ ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಕಾಲದ ಘಟ್ಟದ ಸರಕೆಲ್ಲ ಹೇರೆತ್ತಿನ ಬೆನ್ನ ಮೇಲೆ ಇಳಿದದ್ದು. ಎತ್ತು ಎಷ್ಟು ಜೋರಾಗಿ ಓಡುತ್ತದೆ ಎಂದು ಯಾರೂ ಕೇಳಿರಲಾರರು. ಎಷ್ಟು ಹೊರುತ್ತದೆ, ಜಾರುವ ಜಾಗದಲ್ಲಿ ಕಾಲೂರಿ ನಿಲ್ಲುತ್ತದೆಯೇ ಎಂದು ಕೇಳಿರುತ್ತಾರೆ.

ಇದು ಹೆದ್ದಾರಿಯ ಮಾತಾಯಿತು. ಹೆದ್ದಾರಿಯಿಂದ ನಮ್ಮ ಕೇರಿಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಪಾಯಸ. ನಡುವೆ ಒಂದು ಹಳ್ಳ. ಹಳ್ಳ ದಾಟಿದೊಡನೆ ಚಿರೆಕಲ್ಲಿನ ಮೇಲೆ ಒಂದು ಏರು. ಆ ಏರನ್ನು ಹತ್ತಿದ ವಾಹನ ಮಾತ್ರ ನಮ್ಮ ಪಾಲಿಗೆ ವಾಹನ.

ಅಪ್ಪ 1974ರಲ್ಲಿ ಆ ಜೀಪನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು ಆ ಏರಿಗಾಗಿಯೇ. ಎತ್ತರದ ಬಾನೆಟ್ಟಿನ ಮಹೀಂದ್ರ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿಯ ಸಿಜೆ-3ಬಿ ಮಾದರಿ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮೂರು ಗೇರು, ಜೊತೆಗೆ ಫೋರ್ ವೀಲ್ ಹಾಗೂ ಲೋ ಹಾಕಲು ಎರಡು ಚಿಕ್ಕ ಕೋಲು. ಲೋ ಹಾಕಿ ಫಸ್ಟಿನಲ್ಲಿ ಬಿಟ್ಟರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಎಮ್ಮೆ ನಡೆಯುವ ವೇಗ, ಎಮ್ಮೆಯ ಬಲ. ಅಡಿಕೆ ಗೊನೆ, ಗೊಬ್ಬರ, ಸೊಪ್ಪಿನ ಹೊರೆ, ಮದುವೆಯ ದಿಬ್ಬಣ, ಬಸುರಿಯರು, ಹೆಣ, ಎಲ್ಲವೂ ಆ ಜೀಪಿನಲ್ಲಿ ಹೋಗಿವೆ, ಬಂದಿವೆ. ಹೆಣವೊಂದು ಬಿಟ್ಟು.

ಇನ್ನು ನನ್ನ ವಾದದ ಬುಡಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧಕ್ಕೆಂದು ಮಾಡಿದ ವಿಲ್ಲಿಸ್ ಜೀಪಿನ ಕ್ರೌನಿಗೆ ಇದ್ದದ್ದು 39 ಹಲ್ಲು. ಸೈನ್ಯಕ್ಕೆ ಬೇಕಾದದ್ದು ಓಟ. ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ಅದೇ ಕಂಪನಿ ರೈತರಿಗೆಂದು ಸಿಜೆ-2ಎ ಎಂಬ ಜೀಪು ಮಾಡಿತು. ಅದು ನೇಗಿಲು ಎಳೆಯಬೇಕು, ಯಂತ್ರ ತಿರುಗಿಸಬೇಕು, ಹೊರೆ ಹೊತ್ತು ಗದ್ದೆಯಿಂದ ಮೇಲೆ ಬರಬೇಕು. ಆಗ ಅವರು ಮಾಡಿದ ಬದಲಾವಣೆಗಳಲ್ಲಿ ಒಂದು ಈ ಹಲ್ಲಿನದು. 39ನ್ನು ಬಿಟ್ಟು 43 ಹಾಕಿದರು. ಯುದ್ಧಕ್ಕೆ 39, ಗದ್ದೆಗೆ 43. ನಮ್ಮಲ್ಲಿ ಮಹೀಂದ್ರದವರು 1947ರಿಂದ ಜೀಪು ಜೋಡಿಸತೊಡಗಿದರು. ಮುಂದೆ ನಮ್ಮ ಗುಡ್ಡಗಾಡಿನ ಊರುಗಳಿಗೆ ಬಂದದ್ದು ಈ ರೈತನ ಜೀಪಿನ ಸಂತಾನವೇ. ತಿಳಿದವರು ಯೋಚಿಸಿ ಕೊಟ್ಟ ಆ ನಾಲ್ಕು ಹಲ್ಲನ್ನು ಈಗ ನಾವು ದುಡ್ಡು ಕೊಟ್ಟು ಕೀಳಿಸುತ್ತಿದ್ದೇವೆ.

ನಾನೂ ಕೀಳಿಸಿದೆ. ಅದರ ಕಥೆ ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

ಹಳ್ಳ ದಾಟಿ ದಾಟಿ ಹಿಂದಿನ ಹೌಸಿಂಗಿಗೆ ನೀರು ಸೇರಿತ್ತು. ನೈಂಟಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಮೊದಲು ಕುಂಯ್ ಎಂಬ ಸದ್ದು. ಆಮೇಲೆ ಎಕ್ಸಿಲೇಟರ್ ಬಿಟ್ಟಾಗಲೆಲ್ಲ ಕಟಕಟ. ಬಿಚ್ಚಿಸಿದರೆ ಪಿನಿಯನ್ನಿನ ಎರಡು ಹಲ್ಲಿನ ಅಂಚು ಹಾರಿತ್ತು. ಹೊಸ ಕ್ರೌನ್ ಪಿನಿಯನ್ ಹಾಕಿಸಲೇಬೇಕಾಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ವಾಹನದ ಹುಚ್ಚು ಇರುವ ಹುಡುಗ, ಒಳ್ಳೆಯವನು.

'ಮಾವಾ, ನಿನ್ನ ಜೀಪು ಓಡ್ತಿಲ್ಲೆ, ತೆವಳ್ತಾ ಇದ್ದು. ಹೇಂಗೂ ಬಿಚ್ಚಿದ್ದು, 39 ಹಾಕ್ಸು. ಹೈವೇಲಿ ಹೋಪಲೆ ಚೊಲೊ ಆಗ್ತು' ಎಂದ.

ಅವನನ್ನು ದೂರುವುದಿಲ್ಲ. ಅವನ ಜಗತ್ತಿನಲ್ಲಿ ರಸ್ತೆ ಎಂದರೆ ಹೈವೇ. ನನಗೂ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯಿತ್ತು. ಹೊನ್ನಾವರದ ದಾರಿಯಲ್ಲಿ ಪ್ರತಿಯೊಂದು ಟೆಂಪೋ ನನ್ನನ್ನು ಹಿಂದೆ ಹಾಕಿ ಹೋಗುವಾಗ ಗಂಡಸಿಗೆ ಆಗುವ ಸಣ್ಣ ಅವಮಾನ ಇದೆಯಲ್ಲ, ಅದು ನನಗೂ ಆಗುತ್ತಿತ್ತು. ನಮ್ಮ ಖಾಯಂ ಮಿಸ್ತ್ರಿ ಆಗ ಮಗಳ ಮದುವೆಯ ಓಡಾಟದಲ್ಲಿದ್ದರು. ಬೇರೊಂದು ಪೇಟೆಯ ಗ್ಯಾರೇಜಿಗೆ ಜೀಪನ್ನು ಎಳೆಸಿಕೊಂಡು ಹೋದೆವು. ಅಲ್ಲಿಯವರು ಹಿಂದಿನದಕ್ಕೆ 39ರ ಜೋಡಿ ತರಿಸಿದರು. ಮುಂದಿನ ಹೌಸಿಂಗ್ ಸಣ್ಣದು, ಅದಕ್ಕೆ ಈ ಸಾಮಾನು ಹೊಂದುವುದಿಲ್ಲ, ಹುಡುಕಬೇಕು ಎಂದರು. 'ಹೇಗೂ ಫೋರ್ ವೀಲ್ ಯಾವಾಗಲೋ ಒಮ್ಮೆ ಹಾಕುವುದು, ಹಿಂದಿನದೊಂದು ಸಾಕು' ಎಂದರು. ನಾನು ಹೂಂ ಎಂದೆ. ಹೂಂ ಎನ್ನಲು ಒಂದು ಕ್ಷಣ ಸಾಕಾಯಿತು.

ಜೀಪು ಓಡಿತು. ಹೊನ್ನಾವರದ ದಾರಿಯಲ್ಲಿ ಎಂಜಿನ್ನಿನ ಅರಚಾಟ ಕಡಿಮೆಯಾಯಿತು. ಒಂದು ಟೆಂಪೋವನ್ನು ನಾನೇ ಹಿಂದೆ ಹಾಕಿದೆ. ಇಡೀ ಬೇಸಿಗೆ ಖುಷಿಯಲ್ಲಿ ಕಳೆಯಿತು.

ಆಷಾಢ ಬಂತು. ಒಂದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಆಚೆಮನೆಯ ದೊಡ್ಡಮ್ಮನಿಗೆ ಎದೆನೋವು ಬಂತು. ನಮ್ಮ ಕೊಳ್ಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ; ಸಿಕ್ಕಿದರೂ ಅಂಬುಲೆನ್ಸ್ ಆ ದಾರಿಯಲ್ಲಿ ಬರಲಾರದು. ಎಂದಿನಂತೆ ನನ್ನ ಜೀಪೇ ಗತಿ. ಅವಳನ್ನು ಹಿಂದೆ ಮಲಗಿಸಿ, ಮಗ ಮತ್ತು ಸೊಸೆಯನ್ನು ಕೂರಿಸಿಕೊಂಡು, ಚಕ್ರಕ್ಕೆ ಚೈನು ಕಟ್ಟಿ ಹೊರಟೆ. ಕೆಸರಿನಲ್ಲಿ ಫೋರ್ ವೀಲ್ ಹಾಕಿದೆ. ಹಳ್ಳದವರೆಗೆ ಎಳೆಯಿತು. ಹಳ್ಳವನ್ನೂ ದಾಟಿತು. ಚಿರೆಕಲ್ಲಿನ ಏರಿಗೆ ಮುಂದಿನ ಚಕ್ರ ತಾಗಿದ್ದೇ ತಡ, ಜೀಪು ನಡುಗತೊಡಗಿತು. ಸ್ಟೇರಿಂಗ್ ಕಲ್ಲಾಯಿತು. ಫೋರ್ ವೀಲಿನ ಕೋಲನ್ನು ಹಿಂದೆ ಎಳೆದರೆ ಬರಲೊಲ್ಲದು. ಒಳಗೆ ಯಾರೋ ಹಿಡಿದುಕೊಂಡ ಹಾಗೆ. ಇನ್ನೊಂದು ಹತ್ತು ಮಾರು ಏರಿರಬಹುದು. ಕೊಂಬೆ ಮುರಿದಂಥ ಸದ್ದು. ಮುಂದಿನ ಶಾಫ್ಟಿನ ಕ್ರಾಸ್ ತುಂಡಾಗಿ ಶಾಫ್ಟು ಕಲ್ಲಿಗೆ ಬಡಿಯತೊಡಗಿತು. ಹಿಂದಿನ ಚಕ್ರ ಮಾತ್ರ ತಿರುಗುತ್ತ ಜೀಪು ಅಡ್ಡಡ್ಡ ಜಾರಿ ದರೆಗೆ ಒರಗಿ ನಿಂತಿತು.

ಆಮೇಲೆ ನಡೆದದ್ದು ನಮ್ಮ ಅಜ್ಜಂದಿರ ಕಾಲದ ಪದ್ಧತಿ. ಕಂಬಳಿಯ ಜೋಲಿ ಕಟ್ಟಿ, ಬಿದಿರ ಗಳಕ್ಕೆ ಸಿಕ್ಕಿಸಿ, ಕೇರಿಯ ನಾಲ್ಕು ಜನ ಹೆಗಲು ಕೊಟ್ಟು ಆ ಮಳೆಯಲ್ಲಿ ದೊಡ್ಡಮ್ಮನನ್ನು ರಸ್ತೆಗೆ ಮುಟ್ಟಿಸಿದರು. ಹತ್ತು ನಿಮಿಷದ ದಾರಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ನಾನು ಲಾಟೀನು ಹಿಡಿದು ಮುಂದೆ ನಡೆದೆ. ಆ ಒಂದು ಗಂಟೆಯಲ್ಲಿ ನನ್ನ ಹತ್ತಿರ ಯಾರೂ ಮಾತಾಡಲಿಲ್ಲ.

ದೊಡ್ಡಮ್ಮ ಉಳಿದಳು. ಇಂದಿಗೂ ಇದ್ದಾಳೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಬಯ್ಯಲಿಲ್ಲ. 'ನಿನ್ನ ಅಪ್ಪನ ಜೀಪು ಹೀಂಗೆ ಮಾಡ್ತಿತ್ತಿಲ್ಲೆ ತಮಾ' ಎಂದಳು, ಅಷ್ಟೇ. ಬಯ್ದಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲವೋ ಏನೋ.

ಜೀಪನ್ನು ಈ ಸಲ ನಮ್ಮ ಮಿಸ್ತ್ರಿಯೇ ಬಿಚ್ಚಿದರು. ಎಪ್ಪತ್ತು ದಾಟಿದ ಸಾಹೇಬರು. ಅಪ್ಪನ ಕಾಲದಿಂದ ಆ ಜೀಪಿನ ವೈದ್ಯರು. ಮುಂದಿನ ಹಲ್ಲು ಎಣಿಸಿದರು, ಹಿಂದಿನ ಹಲ್ಲು ಎಣಿಸಿದರು. ಕೈ ಒರೆಸಿಕೊಂಡು ಕೇಳಿದರು: 'ಭಟ್ರೆ, ಒಂದು ನೊಗಕ್ಕೆ ಎತ್ತು ಒಂದು ಕಡೆ, ಕೋಣ ಒಂದು ಕಡೆ ಯಾರು ಕಟ್ಟಿದ್ದು?'

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೆ; ಕಬ್ಬಿಣದಲ್ಲಿ ನೋಡಿದ್ದು ಅಂದೇ. ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಒಂದೇ ಲೆಕ್ಕದಲ್ಲಿ ತಿರುಗುತ್ತವೆ. ಮುಂದೆ 43, ಹಿಂದೆ 39 ಇದ್ದರೆ ಮುಂದಿನ ಚಕ್ರ ಹತ್ತು ಸುತ್ತು ಬರುವಾಗ ಹಿಂದಿನದು ಹನ್ನೊಂದು ಬರಲು ನೋಡುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಗಟ್ಟಿ ನೆಲ ಸಿಕ್ಕಿದರೆ ಜಾರಲು ಜಾಗವಿಲ್ಲ. ಆಗ ಶಾಫ್ಟು ಮುರುಚಿಕೊಳ್ಳುತ್ತದೆ, ಗೇರಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ, ಯಾವುದು ದುರ್ಬಲವೋ ಅದು ಮುರಿಯುತ್ತದೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಗಾಡಿಗೆ ಒಂದು ದೊಡ್ಡ ಚಕ್ರ, ಒಂದು ಸಣ್ಣ ಚಕ್ರ ಹಾಕಿ ನೋಡಿದ ಮಗುವಿಗೂ ತಿಳಿಯುತ್ತದೆ. ನನಗೆ ತಿಳಿಯಲಿಲ್ಲ. ಹಲ್ಲು ಮಾರಿದವರು ತಿಳಿದೂ ಹೇಳಲಿಲ್ಲ, ಇಲ್ಲವೇ ತಿಳಿಯದೆ ಮಾರಿದರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನಾನಿನ್ನೂ ತೀರ್ಮಾನಿಸಿಲ್ಲ.

ಇಲ್ಲಿಗೆ ಮುಗಿದಿದ್ದರೆ ಒಂದು ಗ್ಯಾರೇಜಿನ ತಪ್ಪು ಎಂದು ಸುಮ್ಮನಾಗಬಹುದಿತ್ತು. ಆದರೆ ಎರಡೂ ಕಡೆ 39 ಹಾಕಿಸಿಕೊಂಡು ತಾವು ಜಾಣರೆಂದು ತಿಳಿದವರು ಘಟ್ಟದ ಬುಡದಲ್ಲಿಯೇ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ನಾಲ್ಕು ಮಾತು ಹೇಳಬೇಕು.

ಮೊದಲನೆಯದು ವೇಗ. 39 ಹಾಕಿದರೆ ಅಷ್ಟೇ ಎಂಜಿನ್ ಸುತ್ತಿಗೆ ಹತ್ತರಲ್ಲಿ ಒಂದು ಪಾಲು ಹೆಚ್ಚು ಓಡುತ್ತದೆ, ನಿಜ. ಗಂಟೆಗೆ 60 ಕಿ.ಮೀ. ಹೋಗುತ್ತಿದ್ದವರು 66 ಹೋಗುತ್ತೀರಿ. ಹೊನ್ನಾವರದಿಂದ ಗೇರುಸೊಪ್ಪಕ್ಕೆ ಅರ್ಧ ಗಂಟೆಯ ಬದಲು ಇಪ್ಪತ್ತೇಳು ನಿಮಿಷ. ಉಳಿದದ್ದು ಮೂರು ನಿಮಿಷ. ಅದೂ ದಾರಿಯಲ್ಲಿ ದನ ಅಡ್ಡ ಬರದಿದ್ದರೆ. ಆ ಮೂರು ನಿಮಿಷವನ್ನು ನೀವು ಪೇಟೆಯಲ್ಲಿ ಎಲೆ ಅಡಿಕೆ ಹಾಕುತ್ತ ಕಳೆಯುತ್ತೀರಿ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಇನ್ನೊಂದು ವಿಷಯ. ಈ ಜೀಪಿನ ಸ್ಪೀಡೋಮೀಟರ್ ಲೆಕ್ಕ ಹಿಡಿಯುವುದು ಚಕ್ರದಿಂದಲ್ಲ, ಮಧ್ಯದ ಗೇರು ಪೆಟ್ಟಿಗೆಯಿಂದ. ಹಲ್ಲು ಬದಲಾದ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ನೀವು 66ರಲ್ಲಿದ್ದರೆ ಅದು 60 ಎಂದೇ ಹೇಳುತ್ತದೆ.

ವೇಗದ ಜೊತೆಗೇ ಇಳಿತವನ್ನೂ ಹೇಳಬೇಕು. ಏರಿದವರು ಇಳಿಯಲೇಬೇಕಲ್ಲ. ಮಾಲೆಮನೆ ಘಟ್ಟವನ್ನು ಮಳೆಯಲ್ಲಿ ಹೇರು ಹೊತ್ತು ಇಳಿಯುವಾಗ ಜೀಪನ್ನು ಹಿಡಿಯುವುದು ಬ್ರೇಕಲ್ಲ, ಗೇರು. ಸೆಕೆಂಡಿನಲ್ಲಿ ಬಿಟ್ಟರೆ ಎಂಜಿನ್ನೇ ಹಗ್ಗ ಹಿಡಿದ ಹಾಗೆ ಹಿಂದಕ್ಕೆ ಎಳೆಯುತ್ತದೆ. ಹಲ್ಲು ಕಡಿಮೆಯಾದಷ್ಟೂ ಆ ಹಗ್ಗ ಸಡಿಲ. ಆಗ ಕಾಲು ಬ್ರೇಕಿಗೆ ಹೋಗುತ್ತದೆ. ಹಳೆಯ ಜೀಪಿನದು ನಾಲ್ಕೂ ಡ್ರಮ್ ಬ್ರೇಕು. ನಾಲ್ಕು ತಿರುವು ಒತ್ತಿದರೆ ಕಾಯುತ್ತದೆ, ಕಾಯ್ದರೆ ಹಿಡಿಯುವುದಿಲ್ಲ. ಐದನೆಯ ತಿರುವಿನಲ್ಲಿ ಏನಾಗುತ್ತದೆ ಎಂದು ಘಟ್ಟದ ತಡೆಗೋಡೆಗಳ ಮುರಿದ ಕಲ್ಲನ್ನು ಕೇಳಿ.

ಎರಡನೆಯದು ಮೈಲೇಜು. ಎಂಜಿನ್ ನಿಧಾನ ತಿರುಗಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ. ಸಪಾಟಿನಲ್ಲಿ ಹೌದು. ಆದರೆ 43 ಇದ್ದಾಗ ಟಾಪಿನಲ್ಲಿ ಎಳೆಯುತ್ತಿದ್ದ ಏರನ್ನು 39 ಹಾಕಿದ ಮೇಲೆ ಎಳೆಯದೆ ಸೆಕೆಂಡಿಗೆ ಇಳಿಸುತ್ತೀರಿ. ನನ್ನ ಜೀಪಿನಲ್ಲಿ ಟಾಪಿಗೂ ಸೆಕೆಂಡಿಗೂ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರ. ಹತ್ತರಲ್ಲೊಂದು ಪಾಲು ಉಳಿಸಲು ಹೋಗಿ ಅರ್ಧ ಪಾಲು ಹೆಚ್ಚು ತಿರುಗಿಸಿದಿರಿ. ಬೆಲ್ಲ ಉಳಿಸಲು ಹೋಗಿ ಪಾಯಸ ಚೆಲ್ಲಿದ ಹಾಗೆ. ಕ್ಲಚ್ಚನ್ನು ಅರ್ಧ ಒತ್ತಿ ಏರು ಹತ್ತಿಸುವವರ ಕ್ಲಚ್ ಪ್ಲೇಟಿನ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಮೂರನೆಯದು ಟಯರು. ಜೀಪಿನ ಮೂಲ ಟಯರು 6.00-16. ಈಗಿನ ಹುಡುಗರಿಗೆ ಅದು ಸೈಕಲ್ ಟಯರಿನಂತೆ ಕಾಣುತ್ತದೆ. 7.50-16 ಹಾಕಿಸುತ್ತಾರೆ. ಎತ್ತರ ಹತ್ತರಲ್ಲೊಂದು ಪಾಲು ಹೆಚ್ಚಾಯಿತು. ಅಂದರೆ ಹಲ್ಲು ಕೀಳಿಸದೆಯೇ 43ರ ಬಲ 39ರಷ್ಟಾಯಿತು. ಅದರ ಮೇಲೆ ನಿಜವಾಗಿಯೂ 39 ಹಾಕಿಸಿದರೆ ಎರಡು ಸಲ ಕಳೆದ ಹಾಗೆ. ದೊಡ್ಡ ಟಯರು ಹಾಕಿದವನಿಗೆ ಬೇಕಾದದ್ದು ಹೆಚ್ಚು ಹಲ್ಲು, ಅವನು ಹಾಕಿಸುವುದು ಕಡಿಮೆ ಹಲ್ಲು. ಆಮೇಲೆ ಎಂಜಿನ್ನಿಗೆ ವಯಸ್ಸಾಯಿತು ಎಂದು ಗೋಳಾಡುತ್ತಾನೆ.

ನಾಲ್ಕನೆಯದು ಅಮೆರಿಕ. ಅಕ್ಕನ ಮಗ ಹೇಳಿದ್ದು: ಅಲ್ಲಿ 1960ರ ದಶಕದಲ್ಲಿ ಮಸಲ್ ಕಾರು ಎಂಬ ದೈತ್ಯ ಎಂಜಿನ್ನಿನ ಕಾರುಗಳು ಬಂದವು; ಕೊಳ್ಳುವಾಗಲೇ ಹಿಂದಿನ ಆಕ್ಸಲ್ಲಿನ ಹಲ್ಲಿನ ಲೆಕ್ಕವನ್ನು ಗಿರಾಕಿ ಆರಿಸಬಹುದಿತ್ತು. ಇಂದಿಗೂ ಆ ಹಳೆಯ ಕಾರುಗಳನ್ನು ಸಾಕುವವರು 3.08 ಒಳ್ಳೆಯದೋ, 3.55 ಒಳ್ಳೆಯದೋ, 4.10 ಒಳ್ಳೆಯದೋ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರಂತೆ. ನನಗೆ ಆ ಚರ್ಚೆಯ ಮೇಲೆ ಗೌರವ ಬಂತು. ಏಕೆಂದರೆ ಅಲ್ಲಿ ಕಾಲು ಮೈಲಿಯ ಪಂದ್ಯಕ್ಕೆ, ನಿಂತಲ್ಲಿಂದ 400 ಮೀಟರ್ ನೆಗೆಯುವುದಕ್ಕೆ, ಬೇಕಾದವನು ಆರಿಸುವುದು 4.10ನ್ನು, ಅಂದರೆ ಎಳೆಯುವ ಬಲವನ್ನು. ಅದಕ್ಕಾಗಿ ಕೊನೆಯ ವೇಗವನ್ನು ತಿಳಿದೇ ಬಿಟ್ಟುಕೊಡುತ್ತಾನೆ. ನೂರಾರು ಮೈಲಿ ಹೆದ್ದಾರಿಯಲ್ಲಿ ಹೋಗುವವನು 3.08 ಸಾಕೆನ್ನುತ್ತಾನೆ. ಓಟದ ಹುಚ್ಚರೂ ಅಲ್ಲಿ ಮೊದಲು ತಮ್ಮ ರಸ್ತೆಯನ್ನು ನೋಡುತ್ತಾರೆ, ಆಮೇಲೆ ಹಲ್ಲನ್ನು. ನಾವು ಅಮೆರಿಕದಿಂದ ಟಯರಿನ ದಪ್ಪವನ್ನು ಕಲಿತೆವು. ಲೆಕ್ಕ ಹಾಕುವುದನ್ನು ಕಲಿಯಲಿಲ್ಲ.

ಹಾಗೆಂದು 43 ಎಂಬುದು ವೇದವಾಕ್ಯವಲ್ಲ. ಹಳತು ಎಂಬ ಒಂದೇ ಕಾರಣಕ್ಕೆ ಅದನ್ನು ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರಕಾರ 2021ರಲ್ಲಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ಎಂಬ ಪಟ್ಟ ಕೊಡುವ ನಿಯಮ ತಂದಿದೆ. ಆ ಪಟ್ಟ ಪಡೆದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ಒಳ್ಳೆಯದು. ನನ್ನ ಜೀಪಿಗೆ ಆ ಪಟ್ಟ ಬೇಡ, ಅದಕ್ಕೆ ಗೊಬ್ಬರ ಹೊರುವ ಕೆಲಸ ಇದೆ. ಭಟ್ಕಳದಿಂದ ಕುಮಟಾದವರೆಗೆ ಕರಾವಳಿಯ ಹೆದ್ದಾರಿಯಲ್ಲಿಯೇ ದಿನವೂ ಓಡುವವನು, ಫೋರ್ ವೀಲಿನ ಕೋಲನ್ನು ವರ್ಷಕ್ಕೊಮ್ಮೆ ಧೂಳು ಒರೆಸಲು ಮಾತ್ರ ಮುಟ್ಟುವವನು ಮುಂದೆಯೂ ಹಿಂದೆಯೂ 39 ಹಾಕಿಕೊಳ್ಳಲಿ; ಅವನ ರಸ್ತೆಗೆ ಅದೇ ಸರಿ. ಟ್ರ್ಯಾಕ್ಟರಿನ ಜಾತಿಯ ಡೀಸೆಲ್ ಎಂಜಿನ್ ಕೂರಿಸಿಕೊಂಡವನಿಗೂ ಅದು ಹೊಂದುತ್ತದೆ. ಆ ಎಂಜಿನ್ನಿಗೆ ಕೆಳಗಿನ ಸುತ್ತಿನಲ್ಲಿ ಬಲವಿದೆ, ಮೇಲೆ ತಿರುಗುವ ಶಕ್ತಿಯಿಲ್ಲ. ಇವರೊಡನೆ ನನ್ನ ಜಗಳವಿಲ್ಲ. ಮನೆಯಿರುವುದು ಏರಿನ ತಲೆಯಲ್ಲಿ, ಹಲ್ಲು ಆರಿಸುವುದು ಬೆಂಗಳೂರಿನ ರಸ್ತೆ ನೋಡಿ ಎನ್ನುವವರೊಡನೆ ಮಾತ್ರ ಜಗಳ.

ಹಾಕಿಸಲೇಬೇಕಾದವರಿಗೆ ಸಾಹೇಬರು ನನಗೆ ಕಲಿಸಿದ ನಾಲ್ಕು ಪಾಠ ಹೇಳಿ ಮುಗಿಸುತ್ತೇನೆ.

ಮೊದಲು ನಿಮ್ಮ ಜೀಪಿನಲ್ಲಿ ಈಗ ಎಷ್ಟು ಹಲ್ಲಿದೆ ಎಂದು ತಿಳಿಯಿರಿ. ಮಾರಿದವನ ಮಾತು ಬೇಡ. ಐವತ್ತು ವರ್ಷದಲ್ಲಿ ಯಾರು ಯಾವುದನ್ನು ಹಾಕಿದ್ದಾರೋ. ಬಿಚ್ಚಬೇಕಾಗಿಲ್ಲ. ಸಪಾಟಿನಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ. ಶಾಫ್ಟಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟು ಐದು ಸುತ್ತು ದಾಟಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬಂದರೆ 43. ಐದು ಸುತ್ತು ಪೂರ್ತಿಯಾಗಲು ತುಸು ಬಾಕಿ ಉಳಿದರೆ 39. ಮುಂದಿನದನ್ನೂ ಹೀಗೆಯೇ ನೋಡಿ. ಎರಡೂ ತಾಳೆಯಾಗದಿದ್ದರೆ ಆ ಜೀಪನ್ನು ಫೋರ್ ವೀಲಿಗೆ ಹಾಕಬೇಡಿ.

ಎರಡನೆಯದು, ಕ್ರೌನ್ ಮತ್ತು ಪಿನಿಯನ್ ಗಂಡಹೆಂಡಿರಿದ್ದ ಹಾಗೆ. ಕಾರ್ಖಾನೆಯಲ್ಲಿಯೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಜೋಡಿಯ ಗುರುತನ್ನು ಎರಡರ ಮೇಲೂ ಕೊರೆದಿರುತ್ತಾರೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಜೀಪಿನ ಕ್ರೌನಿಗೆ ಇನ್ನೊಂದರ ಪಿನಿಯನ್ ಕಟ್ಟಿದರೆ ಆ ಸಂಸಾರದ ಸದ್ದು ಊರಿಗೆಲ್ಲ ಕೇಳಿಸುತ್ತದೆ. 8 ಮತ್ತು 43ರ ಲೆಕ್ಕದಲ್ಲಿ ಒಂದು ಸೊಗಸಿದೆ. ಇವೆರಡಕ್ಕೂ ಒಂದರ ಹೊರತು ಸಮಾನ ಭಾಜಕವಿಲ್ಲ. ಹಾಗಾಗಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಹಲ್ಲನ್ನು ಮತ್ತೆ ಮುಟ್ಟಬೇಕಾದರೆ 43 ಸುತ್ತು ಬರಬೇಕು. ಅಷ್ಟರಲ್ಲಿ ಅದು ಎಲ್ಲ ಹಲ್ಲುಗಳ ಗುರುತು ಮಾಡಿಕೊಂಡಿರುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಮೂರನೆಯದು, ಕೂರಿಸುವ ಕೆಲಸ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಕಚ್ಚಿದ ಗುರುತು ಹಲ್ಲಿನ ನಡುವೆ ಬೀಳುತ್ತದೆಯೇ, ತುದಿಗೆ ಬೀಳುತ್ತದೆಯೇ ಎಂದು ನೋಡಬೇಕು. ತುದಿಗೆ ಬಿದ್ದರೆ ತೆಳುವಾದ ಶಿಮ್ ಹಾಕಿ, ತೆಗೆದು, ಮತ್ತೆ ನೋಡಬೇಕು. ಎರಡು ಹಲ್ಲುಗಳ ನಡುವೆ ಇರಬೇಕಾದ ಪ್ಲೇ ಮಿಲಿಮೀಟರಿನ ಐದನೆಯ ಒಂದು ಪಾಲಿನ ಆಸುಪಾಸು. ಇದನ್ನು ಬರೀ ಕೈಯಲ್ಲಿ ಅಲುಗಾಡಿಸಿ 'ಸರಿ ಇದೆ' ಎನ್ನುವವರಿಗೆ ನಮಸ್ಕಾರ ಹೇಳಿ ಜೀಪನ್ನು ವಾಪಸು ತನ್ನಿ. ಸಾಹೇಬರು ನನ್ನ ಜೀಪಿಗೆ ಎರಡು ದಿನ ತೆಗೆದುಕೊಂಡರು. ಬೇರೆಡೆ ಎರಡು ತಾಸಿನಲ್ಲಿ ಮುಗಿಸಿಕೊಟ್ಟಿದ್ದರು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹೆಚ್ಚು ಮರೆಯುವಂಥದು. ಮಳೆಗಾಲದಲ್ಲಿ ಹಳ್ಳ ದಾಟುವವರು ತಿಂಗಳಿಗೊಮ್ಮೆ ನೈಂಟಿ ಆಯಿಲ್ ನೋಡಿ. ಅದು ಕಾಫಿಯಾಗಿದ್ದರೆ ಅಂದೇ ಬದಲಿಸಿ. ನಾನು ಇದೊಂದನ್ನು ಮಾಡಿದ್ದರೆ ಹಳೆಯ ಹಲ್ಲು ಉಳಿಯುತ್ತಿತ್ತು, ಹೊಸದನ್ನು ಆರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮ ಘಟ್ಟದ ಬುಡದವರಿಗೆ ಕಡಲೆ ಧಾರಾಳವಾಗಿಯೇ ಇದೆ. ಮುರಿಯುವ ಏರು, ಜಾರುವ ಇಳಿತ, ರಾತ್ರಿಯ ಎದೆನೋವು. ಅದಕ್ಕೆ ತಕ್ಕ ಹಲ್ಲೂ ಇತ್ತು.

ಕಳೆದ ದೀಪಾವಳಿಗೆ ಅಕ್ಕನ ಮಗ ಬಂದಿದ್ದ. ಹೊನ್ನಾವರಕ್ಕೆ ಹೋಗಿ ಬರುವ ದಾರಿಯಲ್ಲಿ ಒಂದು ಟೆಂಪೋ ನಮ್ಮನ್ನು ಹಿಂದೆ ಹಾಕಿತು. ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಮನೆಗೆ ತಿರುಗುವ ಹೊತ್ತಿಗೆ ಕತ್ತಲಾಗಿತ್ತು. ಹಳ್ಳ ದಾಟಿ ಏರಿಗೆ ಬಂದಾಗ ಲೋ ಹಾಕಿದೆ. ಜೀಪು ಎಮ್ಮೆಯಂತೆ ತಲೆ ತಗ್ಗಿಸಿ ಹತ್ತಿತು. ಆಚೆಮನೆಯ ಜಗುಲಿಯಲ್ಲಿ ದೊಡ್ಡಮ್ಮ ದೀಪ ಹಚ್ಚಿಟ್ಟು ಕೂತಿದ್ದಳು. ಸದ್ದಿನಿಂದಲೇ ಗುರುತು ಹಿಡಿದು, 'ಬಂದ್ಯನಾ ತಮಾ?' ಎಂದು ಕೂಗಿದಳು.

'ಬಂದೆ ದೊಡ್ಡಮ್ಮಾ' ಎಂದೆ.